ಯಂತ್ರ ಕೂಗಿದರೆ ನಿಲ್ಲಬೇಕು

ಲೋಹ ಹುಡುಕುವ ಯಂತ್ರ ಹಿಡಿದು ನಡೆಯುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಆದರೆ ಆ ಹೊತ್ತಿಗೆ ನಗು ಬರುವುದಿಲ್ಲ, ಬೆವರು ಬರುತ್ತದೆ. ಕೊಲ್ಲಿ ದೇಶದ ಮುಸಫ್ಫಾದಲ್ಲಿರುವ ನಮ್ಮ ಕಂಪನಿ ನನ್ನನ್ನು ಒಂದು ಹಳೇ ಕೋಟೆಯ ಉತ್ಖನನಕ್ಕೆ ಕಳಿಸಿತ್ತು. ಯಂತ್ರ ಕೂಗಿದಲ್ಲಿ ನಿಂತು ಕೆಂಪು ಬಾವುಟ ನೆಡುವುದಷ್ಟೇ ಕೆಲಸ. ಏನನ್ನೂ ಮುಟ್ಟುವಂತಿಲ್ಲ. ಒಂದು ಮೊಳೆ ಕಿಸೆಯಲ್ಲಿ ಸಿಕ್ಕಿದರೂ ಖಲಾಸ್, ಸೀದಾ ಊರಿಗೆ. ನಾನೋ ಊರಿನಲ್ಲಿದ್ದ ಹೆಂಡತಿಯ ವೀಸಾಕ್ಕೆ ಆಗಷ್ಟೇ ಅರ್ಜಿ ಹಾಕಿದ್ದೆ. ಮದುವೆಯಾಗಿ ಎರಡು ವರ್ಷದಲ್ಲಿ ನಾವು ಒಟ್ಟಿಗೆ ಇದ್ದದ್ದು ಎರಡೇ ತಿಂಗಳು. ನನ್ನ ಕೆಲಸ ಹೋದರೆ ಅವಳ ವೀಸಾವೂ ಹೋದ ಹಾಗೆ.

೧. ಮೊದಲ ಕೂಗು

ಮೊದಲ ದಿನವೇ ಯಂತ್ರ ಕೂಗಿತು. ಪುರಾತತ್ವದ ಮೇಡಂ ಎಲ್ಲರನ್ನೂ ದೂರ ನಿಲ್ಲಿಸಿ, ಬಿಸಿಲಿನಲ್ಲಿ ಮೊಣಕಾಲೂರಿ, ಬ್ರಷ್ಷಿನಿಂದ ಎರಡು ಗಂಟೆ ಮರಳು ಸರಿಸಿದರು. ನಮಗೆ ಉಸಿರು ಬಿಡಲಿಕ್ಕೂ ಹೆದರಿಕೆ. ಕೊನೆಗೆ ಬಂದದ್ದು ಮೀನಿನ ಡಬ್ಬಿ. "ಇದು ಯಾವ ಕಾಲದ್ದು ಅಂತ ಬರೆಯಲಿ?" ಎಂದು ಮೇಡಂ ನನ್ನನ್ನೇ ದುರುಗುಟ್ಟಿ ನೋಡಿದರು. ಫೋರ್‌ಮ್ಯಾನ್ ಬಗ್ಗಿ ನೋಡಿ, "ತಿರುಗಿಸಿ ಮೇಡಂ, ಎಕ್ಸ್‌ಪೈರಿ ಡೇಟ್ ಇರ್ತದೆ" ಅಂದ.

೨. ತಾಮ್ರದ ಮುಚ್ಚಳ

ಇನ್ನೊಂದು ದಿನ ತಾಮ್ರದ ಮುಚ್ಚಳ ಸಿಕ್ಕಿತು. ಇನ್ನೂರು ವರ್ಷ ಹಳೇದಿರಬಹುದು ಎಂದು ಮೇಡಂ ಖುಷಿಯಲ್ಲಿದ್ದರು. ಅಷ್ಟರಲ್ಲಿ ಪಕ್ಕದ ತೋಟದ ಅರಬ್ಬಿ ಅಜ್ಜ ಬಂದವರು ಅದನ್ನು ಎತ್ತಿ ಕಿಸೆಗೆ ಹಾಕಿಕೊಂಡರು. "ನಮ್ಮ ಮನೆಯ ಕಾಫಿ ಪಾತ್ರೆಯದು ಇದು" ಎಂದು ಹಿಂದಿಯಲ್ಲಿ ಹೇಳಿದರು. "ಬಾಬಾ, ಕೊಟ್ಟುಬಿಡಿ, ನನ್ನ ಕೆಲಸ ಹೋಗ್ತದೆ" ಎಂದು ಬೇಡಿಕೊಂಡೆ. ಅಜ್ಜ ತುಂಬ ಯೋಚಿಸಿ ಕೊಟ್ಟರು, ಆದರೆ ಒಂದು ಷರತ್ತು ಹಾಕಿದರು. "ಕಳೆದು ಹಾಕಿದ್ದು ನನ್ನ ತಮ್ಮ ಅಂತ ಇದಕ್ಕೆ ಕಟ್ಟುವ ಚೀಟಿಯಲ್ಲಿ ಬರೆಯಿರಿ. ಅವತ್ತು ಅದಕ್ಕೆ ಹೊಡೆತ ತಿಂದವ ನಾನು."

೩. ನೇವಳ

ಅದರ ಮರುದಿನದಿಂದ ಹೊರಗೆ ಹೋಗುವವರ ಮೈಗೂ ಯಂತ್ರ ಹಿಡಿಯಲು ಶುರು ಮಾಡಿದರು. ಗೇಟಿನ ಗಾರ್ಡ್ ಕಾಸರಗೋಡಿನವ, ಕನ್ನಡ ಬಲ್ಲವ. ನನ್ನ ಸೊಂಟದ ಹತ್ತಿರ ಯಂತ್ರ ಕೂಗಿತು. ಬೆಲ್ಟ್ ಬಿಚ್ಚಿದೆ, ಕೂಗಿತು. ಕಿಸೆ ಖಾಲಿ ಮಾಡಿದೆ, ಆಗಲೂ ಕೂಗಿತು. "ಅಂಗಿ ಎತ್ತು" ಅಂದ.

ಸೊಂಟದಲ್ಲಿ ನನ್ನ ನೇವಳ, ನಮ್ಮ ಕಡೆ ಗಂಡಸರು ಕಟ್ಟಿಕೊಳ್ಳುವ ಬೆಳ್ಳಿಯ ಉಡಿದಾರ. ಮೇಡಂ ಓಡಿ ಬಂದು ಭೂತಗನ್ನಡಿ ಹಿಡಿದರು. "ಬೆಳ್ಳಿ, ಕೈಕೆಲಸ, ತುಂಬ ಹಳೇದು. ಎಲ್ಲಿ ಸಿಕ್ಕಿತು?" ಅಮ್ಮ ಹಾಕಿದ್ದು ಅಂದರೆ ಯಾರು ನಂಬಬೇಕು? ಗಾರ್ಡ್ ಪುಸ್ತಕ ತೆರೆದು ನನ್ನ ಹೆಸರು ಬರೆಯತೊಡಗಿದ. ನಾನು ಊರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಅಮ್ಮಾ, ನನ್ನ ನೇವಳ ಮನೆಯ ಬೆಳ್ಳಿದು ಅಂತ ಇವರಿಗೆ ಹೇಳು. ಇಲ್ಲದಿದ್ರೆ ಕಳ್ಳ ಅಂತಾರೆ."

"ಅದು ಬೆಳ್ಳಿದಲ್ಲ ಮಗಾ" ಅಂದಳು ಅಮ್ಮ. " ನಿನಗೆ ವೀಸಾ ಆಗ್ಲಿ ಅಂತ ನೇವಳವನ್ನು ದೈವಕ್ಕೆ ಹರಕೆ ಹೇಳಿದ್ದೆ. ತೊಳೆಸ್ಲಿಕ್ಕೆ ಅಂತ ನಿನ್ನಿಂದ ತೆಗೆದುಕೊಂಡು ಹೋದದ್ದು ನೆನಪುಂಟಾ? ಆಗ ಒಪ್ಪಿಸಿಬಿಟ್ಟೆ. ನಿನಗೆ ತಂದುಕೊಟ್ಟದ್ದು ಪೇಟೆಯ ಬಳೆ ಅಂಗಡಿದು."

ಗಾರ್ಡ್ ಪುಸ್ತಕ ಮುಚ್ಚಿ ನಗುತ್ತಾ ಮೇಡಂಗೆ ವಿಷಯ ಹೇಳಿದ. ಮೇಡಂ ಭೂತಗನ್ನಡಿಯನ್ನು ಮೆಲ್ಲಗೆ ಒಳಗಿಟ್ಟುಕೊಂಡರು. ನನಗೆ ಮಾತ್ರ ಅಳು ಬಂತು. "ನನ್ನ ಕೆಲಸ ಹೋಗ್ತಿತ್ತು ಅಮ್ಮಾ, ಅವಳ ವೀಸಾವೂ ಹೋಗ್ತಿತ್ತು" ಅಂದೆ.

"ಅವಳ ವೀಸಾ ಆಗಿಯೇ ಆಗ್ತದೆ, ನೀನು ಹೆದರಬೇಡ ಮಾರಾಯ" ಅಂದಳು ಅಮ್ಮ. "ಮೊನ್ನೆಯೇ ಅವಳ ಕಾಲುಗೆಜ್ಜೆ ತೊಳೆಸ್ಲಿಕ್ಕೆ ಅಂತ ತೆಗೆದುಕೊಂಡು ಹೋಗಿದ್ದೇನೆ."