ಏಳು ಹುಂಜಗಳನ್ನು ಹೇಂಟೆಯೆಂದು ಖಾತ್ರಿಪಡಿಸಿದ ತಜ್ಞರಿಗೆ

ಕೋಳಿಮರಿ ಕೇಂದ್ರದ ಗಂಡು-ಹೆಣ್ಣು ವಿಂಗಡಣಾ ತಜ್ಞರ ಸನ್ನಿಧಾನಕ್ಕೆ,

ಮಾನ್ಯರೇ,

ಒಂದು ದಿನದ ಕೋಳಿಮರಿಯನ್ನು ಅಂಗೈಯಲ್ಲಿ ಮಗುಚಿ, ರೆಪ್ಪೆ ಬಡಿಯುವಷ್ಟರಲ್ಲಿ ಅದು ಮುಂದೆ ಮೊಟ್ಟೆ ಇಡುವುದೋ ಬೇಲಿ ಹತ್ತಿ ಕೂಗುವುದೋ ಎಂದು ತೀರ್ಪು ಕೊಡುವ ತಮ್ಮ ಕೈಗಳಿಗೆ ಮೊದಲು ನಮಸ್ಕಾರ. ಆ ಕೈಗಳು ಕ್ಷೇಮವೆಂದು ನಂಬಿದ್ದೇನೆ. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತಾರು ವರ್ಷಗಳಿಂದ ಪರರ ತಪ್ಪುಗಳಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿರುವುದರಿಂದ ತಪ್ಪು ಮಾಡುವವರ ಮೇಲೆ ನನಗೆ ಕೃತಜ್ಞತೆಯಲ್ಲದೆ ಬೇರೆ ಭಾವವಿಲ್ಲವೆಂಬುದನ್ನು ತಾವು ಮೊದಲೇ ತಿಳಿದಿರಬೇಕು.

ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಕೂತು ಬಟ್ಟೆ ಹೊಲಿಯುವವಳು. ಹೋದ ವರ್ಷ ಒಂದು ದಿನ ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲೆ ಹಾಕಿ, "ಬೆಳಗಿಂದ ಸಂಜೆವರೆಗೂ ಬರೀ ಅಳತೆ. ಅಳತೆ ಇಲ್ದೆ ಬೆಳೆಯೋದು ಏನಾದ್ರೂ ಬೇಕು ನಂಗೆ" ಎಂದಳು. ಹಾಗೆ ತಮ್ಮ ಕೇಂದ್ರದಿಂದ ಹತ್ತು ಮರಿಗಳು ನಮ್ಮ ಹಿತ್ತಿಲಿಗೆ ಬಂದವು. ಪೆಟ್ಟಿಗೆಯ ಮೇಲೆ "ಹತ್ತೂ ಹೇಂಟೆ, ಖಾತ್ರಿ" ಎಂಬ ಚೀಟಿಯಿತ್ತು. ಅದರ ಕೆಳಗೆ ತಮ್ಮ ಸಹಿ. ಐದನೆಯ ತಿಂಗಳಿಗೆ ಆ ಹತ್ತು ಹೇಂಟೆಗಳಲ್ಲಿ ಏಳಕ್ಕೆ ಜುಟ್ಟು ಕೆಂಪಾಗಿ, ಬಾಲ ಬಾಗಿ, ಒಂದರ ಹಿಂದೊಂದು ಕೂಗತೊಡಗಿದವು. ಕನ್ನಡ ವ್ಯಾಕರಣದ ಪ್ರಕಾರ ಕೋಳಿ ನಪುಂಸಕಲಿಂಗವಾದ್ದರಿಂದ ತಮ್ಮದು ತಪ್ಪೇ ಅಲ್ಲವೆಂದು ನಾನು ತಮ್ಮ ಪರವಾಗಿ ವಾದಿಸಿದೆ. ಹೆಂಡತಿ ನನ್ನನ್ನು ಒಮ್ಮೆ ನೋಡಿ, ಕತ್ತರಿಯನ್ನು ಕೈಗೆ ತೆಗೆದುಕೊಂಡಳು. ವಾದ ಅಲ್ಲಿಗೆ ಮುಗಿಯಿತು.

ನಮ್ಮ ಪಕ್ಕದ ಮನೆಯವರು ಗಡಿಯಾರ ರಿಪೇರಿಯವರು, ಮಹಾ ಸಜ್ಜನರು. ಕಾಂಪೌಂಡಿನ ಆಚೆ ನಿಂತು ಅವರು ಹೇಳಿದ್ದು ಇಷ್ಟೇ: "ಹೊತ್ತಿಗೆ ಸರಿಯಾಗಿ ಕೂಗಿದ್ರೆ ನಾನು ತುಟಿ ಬಿಚ್ತಿರ್ಲಿಲ್ಲ ಸಾರ್. ಒಂದು ಹನ್ನೊಂದೂ ಇಪ್ಪತ್ತಕ್ಕೆ, ಇನ್ನೊಂದು ಮೂರೂಕಾಲಿಗೆ. ನನ್ನಂಥೋನು ಹೇಗೆ ತಡ್ಕೋಬೇಕು ಹೇಳಿ." ಅವರು ತಡೆದುಕೊಳ್ಳಲಿಲ್ಲ. ಪುರಸಭೆಯಿಂದ ನೋಟೀಸು ಬಂತು: ವಸತಿ ಬೀದಿಯಲ್ಲಿ ಹೇಂಟೆಗೆ ಅಡ್ಡಿಯಿಲ್ಲ, ಹುಂಜ ಸಾಕುವಂತಿಲ್ಲ, ಹತ್ತು ದಿನದೊಳಗೆ ಸಾಗಿಸದಿದ್ದರೆ ಇಡೀ ಗೂಡನ್ನೇ ಜಪ್ತಿ ಮಾಡಲಾಗುವುದು.

ಮಾರದೆ ವಿಧಿಯಿರಲಿಲ್ಲ. ಹೆಂಡತಿ ಒಂದೇ ಷರತ್ತು ಹಾಕಿದಳು, ಸಾಕುವವರಿಗೆ ಮಾತ್ರ ಕೊಡಬೇಕು. ನಾನು ನನ್ನ ಭಾಷಾಜ್ಞಾನವನ್ನೆಲ್ಲ ಹಿಂಡಿ ಜಾಹೀರಾತು ಬರೆದೆ: "ಕೈತುತ್ತು ತಿಂದು ಬೆಳೆದ, ಕರೆದರೆ ಓಡಿಬರುವ ಹುಂಜಗಳು." ಅದನ್ನು ಓದಿ ಫೋನು ಮಾಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಕೆಜಿ ತೂಗುತ್ತವೆ ಎಂದು.

ಗೇಟಿನವರೆಗೆ ಮೊದಲು ಬಂದವರು ಪೇಟೆಯ ಮಾಂಸದಂಗಡಿಯವರು. "ಸುಳ್ಳು ಹೇಳಲ್ಲಕ್ಕಾ, ನಂದು ಕಡಿಯೋ ಅಂಗಡಿ. ಬೇಡ ಅಂದ್ರೆ ಹೋಗ್ತೀನಿ" ಎಂದರು. ಹೆಂಡತಿ ಬೇಡವೆಂದಳು, ಅವರು ಹೋದರು. ಎರಡನೆಯವರು ಇಸ್ತ್ರಿ ಕೆಡದ ಅಂಗಿ ತೊಟ್ಟು ಕಾರಿನಲ್ಲಿ ಬಂದರು. "ತೋಟ ಇದೆಯಮ್ಮಾ, ಮಕ್ಕಳಿಗೆ ಇವು ಅಂದ್ರೆ ಪ್ರಾಣ" ಎನ್ನುತ್ತ ಒಂದರ ತಲೆ ಸವರಿದರು. ಆ ಮಾತಿಗೆ ನನ್ನ ಹೆಂಡತಿ ಕರಗಿ ನಾಲ್ಕನ್ನು ಕೊಟ್ಟಳು, ಜೊತೆಗೆ ಯಾವುದಕ್ಕೆ ಜೋಳ ಇಷ್ಟ, ಯಾವುದು ಗುಡುಗಿಗೆ ಹೆದರುತ್ತದೆ ಎಂದು ಚೀಟಿಯನ್ನೂ ಬರೆದುಕೊಟ್ಟಳು.

ಮೂರನೆಯ ದಿನ ನನ್ನ ಮೇಜಿಗೆ ಹೊಸ ಊಟದ ಹೋಟೆಲಿನ ಕರಪತ್ರದ ಕರಡು ಬಂತು. ಇಸ್ತ್ರಿ ಅಂಗಿಯವರು ಫೋಟೋದಲ್ಲಿ ಕೈಮುಗಿದು ನಿಂತಿದ್ದರು. ಕೆಳಗೆ ದಪ್ಪಕ್ಷರದಲ್ಲಿ, "ಆರಂಭದ ವಿಶೇಷ: ಕೈತುತ್ತು ತಿಂದು ಬೆಳೆದ ಹುಂಜಗಳು." ನನ್ನದೇ ವಾಕ್ಯ. ಕೆಂಪು ಪೆನ್ನು ಹಿಡಿದು ಮೂರು ಸಲ ಓದಿದೆ, ಮಾನ್ಯರೇ. ತಿದ್ದಲು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಹೋಟೆಲಿನ ಆರಂಭವೂ ಹಿಂದಿನ ದಿನವೇ ಆಗಿಹೋಗಿತ್ತು; ಅವರು ಅಚ್ಚು ಹಾಕಿಸುತ್ತಿದ್ದುದು ಕರಪತ್ರದ ಎರಡನೆಯ ಕಂತು.

ಮನೆಗೆ ಬಂದು ಹೇಳಬಾರದೆಂದುಕೊಂಡೇ ಹೇಳಿಬಿಟ್ಟೆ. ಹೆಂಡತಿ ಅರ್ಧ ಹೊಲಿಗೆಯಲ್ಲಿ ಮೆಷಿನ್ನು ನಿಲ್ಲಿಸಿದಳು. ಅಳಲಿಲ್ಲ. "ಗುಡುಗಿನ ಚೀಟಿ ಬೇರೆ ಬರ್ಕೊಟ್ಟೆ" ಎಂದಳು, ಅಷ್ಟೇ. ಆಮೇಲೆ ಹುಂಜ ಕೇಳಿಕೊಂಡು ಬಂದವರಿಗೆ ಗೇಟು ತೆರೆಯಲೂ ಇಲ್ಲ. ಎರಡು ದಿನ ನಮ್ಮ ಮನೆಯಲ್ಲಿ ಮಾತಾಡಿದವರು ಉಳಿದ ಮೂರು ಹುಂಜಗಳು ಮಾತ್ರ.

ಗಡುವಿಗೆ ಒಂದು ದಿನ ಉಳಿದಿದ್ದಾಗ ಅವಳು ಮೂರನ್ನೂ ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಸೆರಗಿನ ತುಂಡು ಹೊದಿಸಿ, ನೇರ ಮಾಂಸದಂಗಡಿಗೆ ಹೊರಟಳು. ಜೊತೆಗೆ ಹೊರಟ ನಾನು ದಾರಿಯಲ್ಲಿ ಏನೋ ಹೇಳಲು ಹೋದಾಗ, "ಸಾಕ್ತೀನಿ ಅಂತ ತಿನ್ನೋನಿಗಿಂತ ಕಡೀತೀನಿ ಅಂತ ಹೇಳಿದೋನು ವಾಸಿ. ಕಡಿದ್ರೂ ಮುಖ ನೋಡಿ ಕಡೀತಾನೆ" ಎಂದಳು. ಅಂಗಡಿಯವರು ಬಟ್ಟೆ ಸರಿಸಿ ನೋಡಿ, ಕತ್ತಿಯನ್ನು ಪಕ್ಕಕ್ಕಿಟ್ಟು, "ಇವನ್ನ ಕಡಿದ್ರೆ ನಮ್ಮಕ್ಕ ನನ್ನ ಕಡೀತಾಳೆ" ಎಂದರು.

ಅವರ ಅಕ್ಕ ಊರಾಚೆ ಇಟ್ಟಿಗೆ ಗೂಡು ನಡೆಸುವವರು. ಮರಿ ಮಾಡಿಸಲೆಂದು ಅವರೂ ತಮ್ಮ ಕೇಂದ್ರದಿಂದಲೇ "ಆರೂ ಹುಂಜ, ಖಾತ್ರಿ" ಎಂಬ ಚೀಟಿಯ ಪೆಟ್ಟಿಗೆ ತಂದಿದ್ದರು. ಆ ಆರು ಹುಂಜಗಳೂ ಈಗ ತಪ್ಪದೆ ಮೊಟ್ಟೆ ಇಡುತ್ತಿವೆ. ತಮ್ಮ ಕೈ ಗಂಡಿಗೆ ಒಂದು, ಹೆಣ್ಣಿಗೆ ಒಂದು ಎಂದು ಪಕ್ಷಪಾತ ಮಾಡದೆ ಎರಡೂ ಕಡೆ ಸಮನಾಗಿ ತಪ್ಪುತ್ತದೆಂದು ತಿಳಿದಾಗ ನನಗೆ ತಮ್ಮ ಮೇಲಿನ ಗೌರವ ಇಮ್ಮಡಿಯಾಯಿತು.

ನಮ್ಮ ಮೂರು ಅಲ್ಲಿ ಉಳಿದವು, ಅವರ ಮೂರು ನಮ್ಮಲ್ಲಿಗೆ ಬಂದವು. ನಮ್ಮ ಕೋಳಿಗೂಡನ್ನು ನೋಡಲು ಬಂದ ಪುರಸಭೆಯವರು ತೃಪ್ತರಾಗಿ ಹೋದರು. ಹೆಂಡತಿ ಮತ್ತೆ ಮೆಷಿನ್ನು ತುಳಿಯುತ್ತಿದ್ದಾಳೆ. ಆದರೆ ಬೆಳಿಗ್ಗೆ ಕಾಳು ಹಾಕುವಾಗ ಅವಳು ಈಗಲೂ ಹತ್ತಕ್ಕೆ ಆಗುವಷ್ಟು ಹಿಡಿಯುತ್ತಾಳೆ. ಕೈ ತಡೆದು, ನಾಲ್ಕರ ಪಾಲನ್ನು ಡಬ್ಬಕ್ಕೆ ವಾಪಸು ಸುರಿಯುತ್ತಾಳೆ. ಅದನ್ನು ನೋಡುವುದು ನನಗೆ ಕಷ್ಟ.

ಆದಕಾರಣ ತಮ್ಮಲ್ಲಿ ಅರಿಕೆ. ತಾವು ಹೇಂಟೆಯೆಂದು ಸಹಿ ಮಾಡಿದ ಆ ಏಳರಿಂದ ನಮಗೆ ಬರಬೇಕಾಗಿದ್ದ ಮೊಟ್ಟೆಗಳನ್ನು ದಯವಿಟ್ಟು ಕಳುಹಿಸಿಕೊಡಬೇಕು. ಅವನ್ನು ಖುದ್ದು ತಾವೇ ಇಟ್ಟರೂ ನಮ್ಮ ಆಕ್ಷೇಪಣೆಯಿಲ್ಲ. ಅದು ಆಗದಿದ್ದಲ್ಲಿ, ಹೋಟೆಲಿಗೆ ಹೋದ ನಾಲ್ಕು ಬದುಕಿವೆಯೆಂದು ತಮ್ಮ ಸಹಿಯಿರುವ ಖಾತ್ರಿ ಚೀಟಿಯೊಂದನ್ನಾದರೂ ದಯಪಾಲಿಸಬೇಕು. ತಮ್ಮ ಸಹಿಯನ್ನು ನಂಬುವುದು ನನ್ನ ಹೆಂಡತಿಗೆ ರೂಢಿಯಾಗಿದೆ.

ತಮ್ಮ ವಿಶ್ವಾಸಿ, ಆ ವಿಶ್ವಾಸಕ್ಕೆ ಖಾತ್ರಿ ಕೊಡಲಾರದ,
ಕರಡು ತಿದ್ದುವವನು

ತಾ.ಕ.: ಇಟ್ಟಿಗೆ ಗೂಡಿನ ಅಕ್ಕನವರಿಗೂ ತಮ್ಮೊಡನೆ ಎರಡು ಮಾತು ಆಡುವುದಿದೆ. ಅವರಿಗೆ ಅಕ್ಷರ ಬಾರದು, ಹಾಗಾಗಿ ಪತ್ರ ಬರೆಯುವುದಿಲ್ಲ. ಬುಧವಾರ ಖುದ್ದಾಗಿ ಬರುತ್ತಾರೆ.