ವೆಂಡೆಲ್ ಗುಡಿಸಿದ ಉಪ್ಪು

ಹೆರಾನ್ ಪಾಯಿಂಟ್ ಕಾಲೊನಿಯ ಒಂಬತ್ತನೇ ನಂಬರಿನ ಮನೆಯ ಮುಂದೆ ಒಂದು ಅಳಿಲು ರಸ್ತೆ ದಾಟಲು ಹೊರಟು, ಅರ್ಧಕ್ಕೆ ಬಂದು ಮನಸ್ಸು ಬದಲಿಸಿತು. ವೆಂಡೆಲ್ ಓಸ್ಟರ್‌ಹುಸ್ ಬ್ರೇಕ್ ತುಳಿದ. ಅಳಿಲು ಬದುಕಿತು. ಆದರೆ ಟ್ರಕ್ಕಿನ ಹಿಂದೆ ಹಿಮ ಕರಗಿಸಲು ಗಿರಗಿರ ತಿರುಗುತ್ತ ಉಪ್ಪು ಎರಚುತ್ತಿದ್ದ ಯಂತ್ರ ನಿಂತಲ್ಲೇ ಕಾರಿಕೊಂಡು, ಹಿಮಗಟ್ಟಿದ ರಸ್ತೆಯ ಮೇಲೆ ಪುಟ್ಟದೊಂದು ಗುಡ್ಡೆ ಹಾಕಿತು. ಹೆಚ್ಚೆಂದರೆ ಎರಡು ಬೊಗಸೆ.

ಬೇರೆಯವರಾಗಿದ್ದರೆ ಹಾಗೇ ಮುಂದಕ್ಕೆ ಹೋಗುತ್ತಿದ್ದರು. ವೆಂಡೆಲ್ ಐವತ್ತಾರನೇ ವಯಸ್ಸಿನಲ್ಲಿ, ಮೊಮ್ಮಕ್ಕಳ ವಯಸ್ಸಿನವರ ಪಕ್ಕ ಎರಡು ದಿನ ಕೂತು, ಕಡಿಮೆ ಉಪ್ಪಿನಲ್ಲಿ ರಸ್ತೆಯ ಹಿಮ ಕರಗಿಸುವುದರ ಬಗ್ಗೆ ಮಿನೆಸೋಟ ರಾಜ್ಯದವರು ನಡೆಸುವ ಪರೀಕ್ಷೆ ಬರೆದು ಪಾಸಾದವನು. ಒಂದು ಚಮಚ ಉಪ್ಪು ಐದು ಗ್ಯಾಲನ್ ನೀರನ್ನು ಕೆಡಿಸುತ್ತದೆ, ಒಮ್ಮೆ ಸರೋವರಕ್ಕೆ ಇಳಿದ ಉಪ್ಪು ಮತ್ತೆ ಮೇಲೆ ಬರುವುದಿಲ್ಲ, ಚೆಲ್ಲಿದ್ದನ್ನು ಗುಡಿಸಿ ವಾಪಸು ತುಂಬಬೇಕು ಎಂದೆಲ್ಲ ಅವನಿಗೆ ಬಾಯಿಪಾಠ. ಈ ಸರೋವರದಲ್ಲೇ ಅವನ ಅಪ್ಪ ಹಿಮಕ್ಕೆ ತೂತು ಕೊರೆದು ಮೀನು ಹಿಡಿಯುತ್ತಿದ್ದ. ವೆಂಡೆಲ್ ಟ್ರಕ್ಕಿನಿಂದ ಇಳಿದ. ಪೊರಕೆ ಮೊರ ತೆಗೆದುಕೊಂಡು ರಸ್ತೆಯ ಮಧ್ಯೆ ಮಂಡಿಯೂರಿ ಉಪ್ಪು ಗುಡಿಸತೊಡಗಿದ.

ಅವನ ಕೇಡಿಗೆ ಆಗ ಬೆಳಗಿನ ಎಂಟು ಗಂಟೆ, ಕಾಲೊನಿಯ ನಲವತ್ತೆರಡು ಮನೆಗಳ ವೃದ್ಧರೆಲ್ಲ ಕಾಫಿ ಹಿಡಿದು ಕಿಟಕಿಗೆ ಬರುವ ಹೊತ್ತು.

ಒಂಬತ್ತನೇ ನಂಬರಿನ ಲವಾನ್ ಸ್ಕೋಗನ್‌ಗೆ ಎಂಬತ್ತೊಂದು ವರ್ಷ, ಎರಡೂ ಸೊಂಟದ ಕೀಲು ಲೋಹದ್ದು. ಮೆಟ್ಟಿಲ ಮೇಲೆ ಉಪ್ಪು ಬೆಳ್ಳಗೆ ಕಾಣದಿದ್ದರೆ ಆಕೆಗೆ ಉಪ್ಪು ಹಾಕಿದಂತೆಯೇ ಅಲ್ಲ. ಕಿಟಕಿಯಿಂದ ನೋಡಿದರೆ, ಉಪ್ಪು ಹಾಕಲು ಬಂದವನು ಉಪ್ಪು ಎತ್ತಿಕೊಂಡು ಹೋಗುತ್ತಿದ್ದಾನೆ.

"ಕೊರಿನ್, ನಮ್ಮ ಉಪ್ಪು ಕದೀತಿದಾನೆ ಕಣೇ," ಎಂದು ಕಾಲೊನಿಯ ಅಧ್ಯಕ್ಷೆಗೆ ಫೋನು ಮಾಡಿದಳು. "ನನ್ನ ಮನೆ ಮುಂದೇನೇ. ಮೊರ ಬೇರೆ ತಂದಿದಾನೆ."

ಎದುರು ಮನೆಯಲ್ಲಿ ಹಾರ್ಲನ್ ಬ್ರುಗ್ಗೆ ಇದ್ದರು. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಈಗ ಸರೋವರದ ನೀರನ್ನು ಅಳೆಯುವುದೇ ಅವರಿಗೆ ಉಸಿರು. ಅವರ ಕಿಟಕಿಯಿಂದ ಮೊರ ಕಾಣಲಿಲ್ಲ, ಗುಡ್ಡೆ ಮಾತ್ರ ಕಂಡಿತು. ಅವರೂ ಕೊರಿನ್‌ಗೆ ಫೋನು ಮಾಡಿದರು.

"ಈ ಮನುಷ್ಯ ಗಾಡಿಗಟ್ಟಲೆ ಸುರೀತಿದಾನೆ. ಸರೋವರದಲ್ಲಿ ಮೂರು ವರ್ಷದಲ್ಲಿ ಉಪ್ಪು ಎರಡು ಪಟ್ಟಾಗಿದೆ. ಇವನು ಬಂದು ಎಷ್ಟು ವರ್ಷ ಆಯ್ತು ಹೇಳಿ? ಮೂರು."

ಎರಡು ಬೊಗಸೆ ಉಪ್ಪಿಗೆ ಉಪ್ಪು ಖಾರ ಎರಡೂ ಹತ್ತಿ, ಹತ್ತು ಗಂಟೆಗೆ ವೆಂಡೆಲ್‌ಗೆ ಕ್ಲಬ್‌ಹೌಸಿನಿಂದ ಕರೆ ಬಂತು.

ಕ್ಲಬ್‌ಹೌಸಿನಲ್ಲಿ ಲವಾನ್, ಹಾರ್ಲನ್ ಸೇರಿ ಕಾಲೊನಿಯ ಜನ ಆಗಲೇ ನೆರೆದಿದ್ದರು. ನಿಂಬೆಹಣ್ಣಿನ ಸಿಹಿ ಕತ್ತರಿಸಿ ಇಟ್ಟಿದ್ದರು. ಈ ಊರಲ್ಲಿ ಯಾರದಾದರೂ ಕತ್ತು ಕೊಯ್ಯುವ ಮುಂಚೆ ತಟ್ಟೆಯಲ್ಲಿ ಏನಾದರೂ ಸಿಹಿ ಇಡುವುದು ವಾಡಿಕೆ. ಅಧ್ಯಕ್ಷೆ ಕೊರಿನ್ ಡಾಲ್ಕಿ ಬೆಣ್ಣೆಯಂಥ ದನಿಯ ಹೆಂಗಸು.

"ಕೂತ್ಕೊಳ್ಳಿ ವೆಂಡೆಲ್. ಒಂದು ತುಂಡು ತಗೊಳ್ಳಿ. ಯಾರೂ ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ. ಬರೀ ಎರಡು ದೂರು ಬಂದಿದೆ ಅಷ್ಟೆ. ಒಂದು, ನೀವು ಉಪ್ಪು ಕದೀತೀರ ಅಂತ. ಇನ್ನೊಂದು, ನೀವು ಉಪ್ಪು ಜಾಸ್ತಿ ಹಾಕ್ತೀರ ಅಂತ."

"ಎರಡೂ ಒಟ್ಟಿಗೆ ಹೇಗೆ ಮೇಡಂ ಆಗತ್ತೆ?"

"ಅದನ್ನ ನೀವೇ ಹೇಳ್ಬೇಕು," ಎಂದಳು ಕೊರಿನ್.

ವೆಂಡೆಲ್ ತನ್ನ ದಿನಚರಿ ಪುಸ್ತಕ ತೆಗೆದ. ಯಾವ ದಿನ, ಎಷ್ಟು ಚಳಿ, ಎಷ್ಟು ಅಡಿ ರಸ್ತೆ, ಎಷ್ಟು ಉಪ್ಪು, ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆದಿದ್ದ. "ನನಗಿಂತ ಮುಂಚೆ ಇದ್ದೋರು ಹಾಕ್ತಿದ್ದ ಉಪ್ಪಲ್ಲಿ ಕಾಲು ಭಾಗ ಹಾಕ್ತೀನಿ ನಾನು."

"ನೋಡಿದ್ರಾ, ಅವನೇ ಒಪ್ಕೊಂಡ," ಎಂದಳು ಲವಾನ್. "ಮುಕ್ಕಾಲು ಭಾಗ ಎಲ್ಲಿ ಹೋಯ್ತು ಕೇಳಿ."

"ಪುಸ್ತಕದಲ್ಲಿ ಯಾರು ಏನು ಬೇಕಾದ್ರೂ ಬರೀಬಹುದು," ಎಂದರು ಹಾರ್ಲನ್ ಮೇಷ್ಟ್ರು. "ನೀರು ಸುಳ್ಳು ಹೇಳಲ್ಲ."

ವೆಂಡೆಲ್‌ನ ಕೆಲಸಕ್ಕೆ ಅವನ ಹೆಂಡತಿ ಜೆನೆಲ್‌ಳ ಹೃದಯದ ಔಷಧಿಯ ವಿಮೆ ಗಂಟುಬಿದ್ದಿತ್ತು. ಅವನ ಧಣಿ ಡ್ವೇನ್ ಹತ್ತಿರ ಈ ಕಾಲೊನಿ ಬಿಟ್ಟರೆ ಅವನಿಗೆ ಕೊಡಲು ಬೇರೆ ರಸ್ತೆ ಇರಲಿಲ್ಲ. ಆದರೂ ಮೇಷ್ಟ್ರ ಮಾತು ಕೇಳಿ ವೆಂಡೆಲ್‌ಗೆ ಹೆದರಿಕೆಗಿಂತ ಮೊದಲು ಸಂತೋಷವಾಯಿತು.

"ಹಾಗಾದ್ರೆ ನೀರನ್ನೇ ಕೇಳೋಣ ಮೇಷ್ಟ್ರೇ. ಬಿಸಿಲು ಬಂದಿದೆ, ರಸ್ತೆ ಕರಗಿ ಸರೋವರಕ್ಕೆ ಹರೀತಿರತ್ತೆ. ಎಲ್ಲರೂ ಬನ್ನಿ."

ಎಲ್ಲರೂ ಬಂದರು. ಮಾರ್ಚ್ ತಿಂಗಳಲ್ಲಿ ಮನೆಯೊಳಗೇ ಕೂತು ಕೊಳೆತವರಿಗೆ ಇದಕ್ಕಿಂತ ದೊಡ್ಡ ಮನರಂಜನೆ ಇಲ್ಲ. ಹದಿನೆಂಟು ವೃದ್ಧರು, ಏಳು ಊರುಗೋಲು, ಒಂದು ಗಾಲಿಕುರ್ಚಿ. ದಡಕ್ಕೆ ಇಳಿಯುವ ದಾರಿ ಗಾಜಿನಂತಿತ್ತು. ತನ್ನ ವಿಚಾರಣೆಗೆ ಹೊರಟವರು ಜಾರಿ ಬೀಳದಂತೆ ವೆಂಡೆಲ್ ಮುಂದೆ ಮುಂದೆ ಮರಳು ಚೆಲ್ಲುತ್ತ ನಡೆದ.

"ಇಲ್ಲಿ ಸ್ವಲ್ಪ ತೆಳುವಾಯ್ತು," ಎಂದು ಹಿಂದಿನಿಂದ ಲವಾನ್ ಹೇಳಿದಳು.

"ಮರಳನ್ನೂ ಲೆಕ್ಕ ಇಡ್ತೀಯೇನಪ್ಪಾ?" ಎಂದು ಇನ್ಯಾರೋ ಕೇಳಿದರು.

ರಸ್ತೆಯ ನೀರು ಬಂದು ಬೀಳುವ ಕೊಳವೆಯ ಬಾಯಿಗೆ ಹಾರ್ಲನ್ ಮೇಷ್ಟ್ರು ಬಗ್ಗಿ, ಲೋಟದಲ್ಲಿ ನೀರು ಹಿಡಿದು, ಉಪ್ಪು ಅಳೆಯುವ ಕಾಗದದ ಪಟ್ಟಿ ಅದ್ದಿದರು. ಉಪ್ಪು ಇದ್ದಷ್ಟೂ ಪಟ್ಟಿಯಲ್ಲಿ ಬಿಳಿ ಗೆರೆ ಮೇಲೇರುತ್ತದೆ. ಎಲ್ಲರೂ ಕತ್ತು ಚಾಚಿದರು. ಗೆರೆ ಒಂದು ಉಗುರಿನಷ್ಟು ಏರಿ ನಿಂತುಬಿಟ್ಟಿತು.

ಮೇಷ್ಟ್ರು ಇನ್ನೊಂದು ಪಟ್ಟಿ ಅದ್ದಿದರು. ಅದೇ ಉಗುರಿನಷ್ಟು.

"ಪಟ್ಟಿ ಹಳೇದಿರಬೇಕು," ಎಂದಳು ಕೊರಿನ್.

"ಹೊಸದು," ಎಂದರು ಮೇಷ್ಟ್ರು. ಅವರ ಮುಖ ಸೋತ ವಕೀಲನ ಮುಖದಂತಾಗಿತ್ತು. "ಹಾಗಾದ್ರೆ ಸರೋವರಕ್ಕೆ ಬರ್ತಿರೋದು ಎಲ್ಲಿಂದ?"

ನೂರು ಹೆಜ್ಜೆ ಆಚೆ ಇನ್ನೊಂದು ಕೊಳವೆ ಇತ್ತು. ನಲವತ್ತೆರಡು ಮನೆಗಳ ಬಚ್ಚಲು ನೀರು ಕಾಲೊನಿಯ ಶುದ್ಧೀಕರಣ ತೊಟ್ಟಿಯನ್ನು ಹಾದು ಅದರಿಂದ ಇಳಿಯುತ್ತಿತ್ತು. ಚಳಿಗಾಲದಲ್ಲೂ ಹೆಪ್ಪುಗಟ್ಟದೆ, ಹಬೆಯಾಡುತ್ತ. ವೆಂಡೆಲ್ ಅದರತ್ತ ಕೈ ತೋರಿಸಿದ. ಅಲ್ಲೇ ತಪ್ಪು ಮಾಡಿದ.

ಪಟ್ಟಿ ಅದ್ದಿದ್ದೇ ತಡ, ಬಿಳಿ ಗೆರೆ ಬಿಸಿ ಹಾಲು ಉಕ್ಕಿದಂತೆ ಮೇಲೇರಿ ತುದಿ ಮುಟ್ಟಿತು.

ವೆಂಡೆಲ್ ಮೆಲ್ಲಗೆ ಕೇಳಿದ: "ಲವಾನಮ್ಮ, ನಿಮ್ಮ ನೆಲಮಾಳಿಗೇಲಿ ನೀರು ಮೆದು ಮಾಡೋ ಯಂತ್ರ ಇದೆ ಅಲ್ವಾ?"

"ಎಲ್ಲರ ಮನೇಲೂ ಇದೆ. ಬಾವಿ ನೀರು ಗಡಸು, ಬಟ್ಟೆ ಎಲ್ಲ ತುಕ್ಕು ಹಿಡಿದ ಹಾಗೆ ಆಗ್ತಿತ್ತು. ಕೊರಿನ್ನೇ ಎಲ್ಲರಿಗೂ ಒಟ್ಟಿಗೆ ಹಾಕಿಸಿಕೊಟ್ಟಳು, ಪುಣ್ಯಾತ್ಗಿತ್ತಿ."

"ಯಾವಾಗ?"

"ಮೂರು ವರ್ಷ ಆಯ್ತು."

"ತಿಂಗಳಿಗೆ ಎಷ್ಟು ಚೀಲ ಉಪ್ಪು ತಿನ್ನತ್ತೆ ಅದು?"

"ಎರಡು," ಎಂದಳು ಲವಾನ್. ಹೇಳಿದ ಮೇಲೆ ಬಾಯಿಗೆ ಕೈಗವಸು ಅಡ್ಡ ಹಿಡಿದಳು.

ವೆಂಡೆಲ್ ಹೇಳಿದ: "ನಾನು ಇಡೀ ಚಳಿಗಾಲಕ್ಕೆ ತೊಂಬತ್ತು ಚೀಲ ಹಾಕ್ತೀನಿ. ನೀವೆಲ್ಲ ಸೇರಿ ಆ ಯಂತ್ರದಿಂದ ಬಚ್ಚಲಿಗೆ ಬಿಡೋದು ತಿಂಗಳಿಗೆ ಎಂಬತ್ತನಾಲ್ಕು. ಬೇಸಿಗೇಲೂ."

ಅವನ ದನಿಯಲ್ಲಿ ಗೆಲುವು ಇರಲಿಲ್ಲವೆಂದಲ್ಲ. ಮೂರು ವರ್ಷದಿಂದ ಪ್ರತಿ ಕಾಳನ್ನೂ ಅಳೆದು ಹಾಕಿದ್ದಕ್ಕೆ ಇವತ್ತು ನೀರೇ ಸಾಕ್ಷಿ ಹೇಳಿತ್ತು. ಯಾರಾದರೂ ಬೆನ್ನು ತಟ್ಟಬಹುದೆಂದು ಅವನು ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಯೂ ನಿಂತ. ಬೆನ್ನಿನ ಮೇಲೆ ಗಾಳಿ ಬಿಟ್ಟರೆ ಏನೂ ಬೀಳಲಿಲ್ಲ.

ಕ್ಲಬ್‌ಹೌಸಿಗೆ ವಾಪಸಾದಾಗ ನಿಂಬೆಹಣ್ಣಿನ ಸಿಹಿ ಮುಗಿದಿತ್ತು. ಕೊರಿನ್ ಕೇಳಿದಳು, "ಸರಿ, ಸರೋವರಕ್ಕೋಸ್ಕರ ಯಂತ್ರ ತೆಗೆಸೋರು ಯಾರು? ಬಲವಂತ ಏನಿಲ್ಲ."

ಲವಾನ್ ತನ್ನ ಕೂದಲು ಮುಟ್ಟಿಕೊಂಡಳು. "ನೋಡಿ, ರೇಷ್ಮೆ ಥರ ಇದೆ. ಈ ವಯಸ್ಸಲ್ಲಿ ನನಗೆ ಇನ್ನೇನು ಉಳಿದಿದೆ?" ಒಬ್ಬರಿಗೆ ಕಾಫಿಯ ರುಚಿ ಕೆಡುತ್ತದೆ, ಒಬ್ಬರಿಗೆ ಬಿಳಿ ಬಟ್ಟೆ ಹಳದಿಯಾಗುತ್ತದೆ. ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವರು ಬಿಳಿ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಕನ್ನಡಕ ಒರೆಸುತ್ತಿದ್ದರು.

"ನನ್ನ ಹೆಂಡತಿಗೆ ಇಸುಬು," ಎಂದರು ಕೊನೆಗೆ. "ಗಡಸು ನೀರಲ್ಲಿ ರಾತ್ರಿಯೆಲ್ಲ ಕೆರ್ಕೊಳ್ತಾಳೆ."

"ಆದ್ರೆ ಸರ್ಕಾರಕ್ಕೆ ಕಳಿಸೋ ಸರೋವರದ ವರದಿಯಲ್ಲಿ ಉಪ್ಪು ಕಡಿಮೆ ಮಾಡಿದೀವಿ ಅಂತ ತೋರಿಸ್ಲೇಬೇಕು," ಎಂದಳು ಕೊರಿನ್. "ಅಲ್ವಾ ಹಾರ್ಲನ್?"

"ಫಾರ್ಮಿನಲ್ಲಿ ರಸ್ತೆಯ ಉಪ್ಪಿಗೆ ಒಂದು ಕಾಲಂ ಇದೆ," ಎಂದರು ಮೇಷ್ಟ್ರು, ವೆಂಡೆಲ್ ಕಡೆ ನೋಡದೆ. "ಬಚ್ಚಲಿನ ಉಪ್ಪಿಗೆ ಕಾಲಂ ಇಲ್ಲ."

ರಸ್ತೆಗೆ ಉಪ್ಪು ಹಾಕುವುದನ್ನು ಇಂದಿನಿಂದಲೇ ನಿಲ್ಲಿಸಬೇಕು ಎಂಬುದಕ್ಕೆ ಹದಿನೆಂಟು ಕೈಗಳು ಎದ್ದವು. ಮೇಷ್ಟ್ರ ಕೈ ಎಲ್ಲಕ್ಕಿಂತ ಕೊನೆಗೆ ಎದ್ದಿತು, ಕಿವಿ ಕೆರೆದುಕೊಳ್ಳಲು ಎತ್ತಿದಂತೆ. ಆದರೂ ಎದ್ದಿತು.

"ನನ್ನ ಮೆಟ್ಟಿಲಿಗೆ?" ಎಂದಳು ಲವಾನ್, ಕೈ ಇನ್ನೂ ಮೇಲಿರುವಾಗಲೇ.

"ಮರಳು ಹಾಕಿಸೋಣ ಲವಾನ್," ಎಂದಳು ಕೊರಿನ್.

ಡ್ವೇನ್‌ಗೆ ವೆಂಡೆಲ್ ಟ್ರಕ್ಕಿನಲ್ಲಿ ಕೂತು ಫೋನು ಮಾಡಿದ. ನಡೆದದ್ದನ್ನೆಲ್ಲ ಕೇಳಿ ಡ್ವೇನ್ ನಿಟ್ಟುಸಿರು ಬಿಟ್ಟ. "ನೀನು ಸರಿ ಇದೀಯ, ನಾನು ಬಲ್ಲೆ. ಆದ್ರೆ ಸರಿ ಇರೋರಿಗೆ ಕೊಡೋಕೆ ನನ್ನ ಹತ್ರ ಬೇರೆ ರಸ್ತೆ ಇಲ್ಲ ಕಣಯ್ಯ. ಆ ಎರಡನೇ ಕೊಳವೆ ತೋರಿಸು ಅಂತ ನಿನಗೆ ಯಾರು ಹೇಳಿದ್ರು?"

"ನಿಜ ಅದೇ ಅಲ್ವಾ?"

"ಹೌದು. ಅದಕ್ಕೇ ಕೇಳ್ತಿರೋದು. ಸಾಯಂಕಾಲ ಟ್ರಕ್ ತಂದು ನಿಲ್ಲಿಸಿಬಿಡು."

ಜೆನೆಲ್‌ಗೆ ಹೇಗೆ ಹೇಳುವುದೆಂದು ಅವನು ಸ್ಟೀರಿಂಗ್ ಹಿಡಿದು ಕೂತಿದ್ದಾಗ ಕಿಟಕಿ ತಟ್ಟಿದ ಸದ್ದಾಯಿತು. ಕೊರಿನ್. ಅವಳ ಮುಖದಲ್ಲಿ ನಿಜವಾದ ಕನಿಕರ ಇತ್ತು, ಅದೇ ಇನ್ನೂ ಕಷ್ಟ.

"ವೆಂಡೆಲ್, ನಿಮ್ಮನ್ನ ಹಾಗೇ ಕಳಿಸೋಕೆ ನಮಗೆ ಯಾರಿಗೂ ಮನಸ್ಸಿಲ್ಲ. ನಮಗೆ ಒಬ್ಬರು ಗಟ್ಟಿ ಆಳು ಬೇಕು. ಯಂತ್ರದ ಉಪ್ಪು ಇವತ್ತೇ ಬಂದಿದೆ, ಹೊತ್ತು ನೆಲಮಾಳಿಗೆಗೆ ಇಳಿಸೋರಿಲ್ಲ. ಈ ವಯಸ್ಸಲ್ಲಿ ನಲವತ್ತು ಪೌಂಡಿನ ಚೀಲ ನಮ್ಮಿಂದ ಆಗತ್ತಾ? ಮನೆಗೆ ಎರಡೇ ಎರಡು."

"ವಿಮೆ ಇರತ್ತಾ ಮೇಡಂ?"

"ಅಯ್ಯೋ, ತಿಂಗಳಿಗೆ ಎರಡು ದಿನದ ಕೆಲಸಕ್ಕೆ ವಿಮೆ ಎಲ್ಲಿಂದ ತರೋದು?"

ವೆಂಡೆಲ್ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಅವಳು, "ಚೀಲಕ್ಕೆ ಮುಂಚೆ ಇನ್ನೊಂದು ಸಣ್ಣ ಕೆಲಸ," ಎಂದು ಕ್ಲಬ್‌ಹೌಸಿನ ಬೀರುವಿನಿಂದ ಕಂಬ ಸಮೇತ ಒಂದು ಬೋರ್ಡು ತಂದಳು. ನೀಲಿ ನೀರು, ಅದರಲ್ಲಿ ಒಂದು ಬಾತುಕೋಳಿ. ಕೆಳಗೆ ದಪ್ಪ ಅಕ್ಷರದಲ್ಲಿ: 'ಹೆರಾನ್ ಪಾಯಿಂಟ್, ಉಪ್ಪುರಹಿತ ಕಾಲೊನಿ. ನಮ್ಮ ಸರೋವರ, ನಮ್ಮ ಹೊಣೆ.'

ಬಣ್ಣ ಚೆನ್ನಾಗಿ ಒಣಗಿತ್ತು. ಮೂಲೆಯಲ್ಲಿ ಸಣ್ಣಗೆ ಬರೆದವನ ಹೆಸರು, ತಾರೀಕು. ಜನವರಿಯದು.

"ಇದು ಜನವರೀಲೇ ಆಗಿತ್ತಾ?" ಎಂದ ವೆಂಡೆಲ್.

"ಆಗ ಅವನು ಅಗ್ಗಕ್ಕೆ ಬರ್ಕೊಡ್ತಿದ್ದ," ಎಂದಳು ಕೊರಿನ್ ಬೆಣ್ಣೆಯಂಥ ದನಿಯಲ್ಲೇ. "ಹೇಗೂ ಒಂದಿನ ಬೇಕಾಗತ್ತಲ್ಲ ಅಂತ ಮಾಡಿಸಿಟ್ಟಿದ್ದೆ. ಇವತ್ತು ಬೆಳಿಗ್ಗೆ ಎರಡು ದೂರು ಬಂತು ನೋಡಿ, ದೇವರೇ ದಾರಿ ತೋರಿಸಿದ ಹಾಗಾಯ್ತು."

ವೆಂಡೆಲ್ ಬೋರ್ಡು ಎತ್ತಿಕೊಂಡು ಕಾಲೊನಿಯ ಬಾಗಿಲಲ್ಲಿ ಕಂಬ ನೆಡಲು ಹೋದ. ನೆಲ ಕಬ್ಬಿಣವಾಗಿತ್ತು, ಹಾರೆ ಬಡಿದರೆ ಕಿಡಿ ಬರುವುದೊಂದು ಬಾಕಿ. ಕಾಲು ಗಂಟೆ ಕುಟ್ಟಿದರೂ ಒಂದು ಲೋಟದಷ್ಟೇ ಗುಂಡಿ ಆಯಿತು. ನೋಡಲು ನಿಂತವರು ಚಳಿಯಲ್ಲಿ ಕಾಲು ಬದಲಾಯಿಸತೊಡಗಿದರು.

"ಅಷ್ಟು ಯಾಕಪ್ಪಾ ಒದ್ದಾಡ್ತೀಯ," ಎಂದಳು ಲವಾನ್. ಟ್ರಕ್ಕಿಗೆ ಆನಿಸಿಟ್ಟಿದ್ದ ಚೀಲಗಳಲ್ಲಿ ಒಂದರ ಬಾಯಿ ಬಿಚ್ಚಿಸಿ, ಡಬ್ಬದ ತುಂಬ ಯಂತ್ರದ ಉಪ್ಪು ತಂದು, ತಾನೇ ಬಗ್ಗಿ ಗುಂಡಿಗೆ ಸುರಿದಳು. ಮೇಷ್ಟ್ರು ಒಳಗೆ ಹೋಗಿ ಕೆಟಲಿನಲ್ಲಿ ಬಿಸಿನೀರು ತಂದುಕೊಟ್ಟರು.

ನೆಲ ಮೆತ್ತಗಾಯಿತು. ಕಂಬ ನಿಂತಿತು. ಎಲ್ಲರೂ ಕೈಗವಸಿನಲ್ಲೇ ಚಪ್ಪಾಳೆ ತಟ್ಟಿ, ಫೋಟೋ ತೆಗೆದುಕೊಂಡರು. ವೆಂಡೆಲ್ ಮೊದಲನೇ ಚೀಲ ಹೆಗಲಿಗೇರಿಸಿ ಹೊರಟಾಗ ಹಿಂದಿನಿಂದ ಕೊರಿನ್ ಕೂಗಿದಳು:

"ವೆಂಡೆಲ್, ಸ್ವಲ್ಪ ಪಕ್ಕಕ್ಕೆ ಸರೀತೀರಾ? ಚೀಲ ಫೋಟೋದಲ್ಲಿ ಬರ್ತಿದೆ."