ಕುಕ್ಕರಿನಲ್ಲಿ ಬಟ್ಟಿ ಇಳಿಸಿದ ಲವಂಗದೆಣ್ಣೆ

ಪ್ರಾಣ ಹೋದರೂ ಸರಿ, ಹೆಂಡತಿಯ ಮುಂದೆ ಬಾಯಿ ತೆರೆಯುವುದಿಲ್ಲವೆಂದು ಮೇಷ್ಟ್ರು ಬೆಳಿಗ್ಗೆಯೇ ಶಪಥ ಮಾಡಿದರು. ಎಲ್ಲ ಗಂಡಂದಿರ ಪಾಡೂ ಅದೇ ಎನ್ನಬೇಡಿ. ಇವರ ಹೆಂಡತಿ ದಂತವೈದ್ಯೆ. ಮನೆಯ ಮುಂದಿನ ಕೋಣೆಯೇ ಆಕೆಯ ಕ್ಲಿನಿಕ್ಕು. ಮೇಷ್ಟ್ರಿಗೋ ಹಿಂದಿನ ದಿನದಿಂದ ದವಡೆ ಹಲ್ಲು ಸಿಡಿಯುತ್ತಿತ್ತು. ಗುಟ್ಟು ರಟ್ಟಾದರೆ ಇಕ್ಕಳ ಬರುತ್ತದೆ, ಹಲ್ಲು ಹೋಗುತ್ತದೆ ಎಂದು ಜೀವ ಕೈಯಲ್ಲಿ ಹಿಡಿದಿದ್ದರು.

ಆದರೆ ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವರು! ಲವಂಗದಲ್ಲಿ ಯೂಜಿನಾಲ್ ಇದೆ, ಅದು ನೋವನ್ನು ಮರಗಟ್ಟಿಸುತ್ತದೆ ಎಂದು ಬಲ್ಲವರು ಒಂದು ಲವಂಗ ಕಚ್ಚಿಕೊಂಡು ತೆಪ್ಪಗಿರುತ್ತಾರೆಯೇ? ಡಬ್ಬಿಯ ಲವಂಗವನ್ನೆಲ್ಲ ಕುಟ್ಟಿ, ನೀರಿನೊಂದಿಗೆ ಕುಕ್ಕರಿಗೆ ಸುರಿದರು. ವೆಯ್ಟ್ ತೆಗೆದು ಆ ಮೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ತಣ್ಣೀರಿನ ಬಕೆಟ್ಟಿನಲ್ಲಿ ಹಾಯಿಸಿ, ತುದಿಗೆ ಥರ್ಮೋಕೋಲ್ ಲೋಟ ಹಿಡಿದರು. ಅತ್ತ ಕ್ಲಿನಿಕ್ಕಿನ ಡ್ರಿಲ್ ಸದ್ದು ನಿಂತಾಗಲೆಲ್ಲ ಇತ್ತ ಮೇಷ್ಟ್ರು ಬಾಗಿಲ ಕಡೆ ಕತ್ತು ಚಾಚುವರು.

ಎಣ್ಣೆ ಇಳಿಯಿತು. ಎಣ್ಣೆ ತಾಗಿದ ಲೋಟ ಕರಗಿ ತಳ ಕಳಚಿತು. ಥರ್ಮೋಕೋಲನ್ನು ಯಾವುದು ಯಾವುದು ಕರಗಿಸುತ್ತದೆಂದು ವರ್ಷವರ್ಷವೂ ಪಾಠ ಮಾಡುತ್ತಿದ್ದವರು ಇವರೇ. ಸೋರಿದ್ದನ್ನು ಹತ್ತಿಯಲ್ಲಿ ಬಾಚುತ್ತಿರುವಾಗ ಕ್ಲಿನಿಕ್ಕಿನ ಬಾಗಿಲು ಕಿರ್ರೆಂದಿತು. ಮೇಷ್ಟ್ರು ಗಾಬರಿಯಲ್ಲಿ ಇಡೀ ಹತ್ತಿಯನ್ನೇ ಬಾಯಿಗೆ ತುರುಕಿಕೊಂಡರು.

ಒಳಬಂದ ಹೆಂಡತಿ ಮೂಗರಳಿಸಿದಳು. "ಏನ್ರೀ ಇದು, ಅಡುಗೆಮನೇಲಿ ನನ್ನ ಕ್ಲಿನಿಕ್ ವಾಸನೆ?"

"ಏಹಿಲ್ಲ," ಎಂದರು ಮೇಷ್ಟ್ರು. ನಾಲಿಗೆ ಆಗಲೇ ಕೈಕೊಟ್ಟಿತ್ತು.

ರಟ್ಟೆ ಹಿಡಿದು ಎಳೆದೊಯ್ದು ಕುರ್ಚಿಯಲ್ಲಿ ಕೂರಿಸಿದಳು. ಎಕ್ಸ್‌ರೇಯಲ್ಲಿ ಅಕ್ಕಪಕ್ಕದ ಎರಡು ಹಲ್ಲೂ ಹುಳುಕು. ಒಂದನ್ನು ಉಳಿಸಬಹುದು, ನೋಯುತ್ತಿರುವುದನ್ನು ಮಾತ್ರ ಕೀಳಬೇಕು ಎಂದಳು. ಯಾವುದು ಎಂದು ಕೇಳುತ್ತ ಬಾಯಿಗನ್ನಡಿಯ ಸ್ಟೀಲ್ ಹಿಡಿಕೆಯಿಂದ ಮೊದಲನೆಯದನ್ನು ಬಡಿದಳು. ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಎರಡನೆಯದನ್ನು ಬಡಿದಳು. ಊಹೂಂ. ಹಲ್ಲು, ಒಸಡು, ಕೆನ್ನೆ, ಯಾವುದೂ ಇವರದಾಗಿ ಉಳಿದಿರಲಿಲ್ಲ. ಅಂದಾಜಿನ ಮೇಲೆ ಒಂದನ್ನು ತೋರಿಸಲು ಬೆರಳೆತ್ತಿದರು.

"ಸುಮ್ನೆ ಯಾವುದೋ ಒಂದು ತೋರಿಸ್ಬೇಡಿ. ಕೀಳೋಳು ನಾನು, ಕಳ್ಕೊಳ್ಳೋರು ನೀವು."

ಎತ್ತಿದ ಬೆರಳು ಮಡಚಿಕೊಂಡಿತು.

"ನೋವು ವಾಪಸ್ ಬರೋವರೆಗೂ ಹೊರಗೆ ಬೆಂಚಿನ ಮೇಲೆ ಕೂತಿರಿ."

ಕೂತರು. ಹೆಂಡತಿ ಆಗಾಗ ಇಣುಕಿ ಬಂತೇ ಎಂದು ಕೇಳುವಳು, ಮೇಷ್ಟ್ರು ತಲೆ ಅಲ್ಲಾಡಿಸುವರು, ಸಾಲಿನಲ್ಲಿ ಹಿಂದೆ ಬಂದವರು ಮುಂದೆ ಹೋಗುವರು. ಮಧ್ಯಾಹ್ನದ ಹೊತ್ತಿಗೆ ನಾಲಿಗೆಯೇನೋ ಹೊರಳಿತು, ಹಲ್ಲು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಪಕ್ಕದಲ್ಲಿ ಕೆನ್ನೆ ಊದಿಸಿಕೊಂಡು ನರಳುತ್ತಿದ್ದ ಟೇಲರ್ ಕನಿಕರದಿಂದ, ತಮಗೇನು ತೊಂದರೆ ಎಂದು ವಿಚಾರಿಸಿದ.

"ನೋವೇ ಬರ್ತಿಲ್ಲ ಕಣಪ್ಪಾ," ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು.

ಟೇಲರ್ ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತ.